ಹತ್ತೊಂಬತ್ತನೆಯ ಮನೆಯ ಕಿಟಕಿ

ಹದಿನೆಂಟನೆಯ ಮನೆಯೂ ಅಮರೇಶನ ಪರೀಕ್ಷೆಯಲ್ಲಿ ಫೇಲಾಯಿತು.

ಮನೆಯ ಕಡೆಯಿಂದ ಏನೂ ತಪ್ಪಿರಲಿಲ್ಲ. ಕಪ್ಪಗಲ್ಲು ರಸ್ತೆಯಿಂದ ಎರಡು ತಿರುವು ಒಳಗೆ, ನಾಲ್ಕನೆಯ ಮಹಡಿ, ಪೂರ್ವಕ್ಕೆ ಬಾಗಿಲು, ಲಿಫ್ಟು, ಬೋರ್‌ವೆಲ್ಲು, ಕರೆಂಟು ಹೋದರೆ ಜನರೇಟರು. ಬ್ರೋಕರ್ ಹೊನ್ನೂರಸ್ವಾಮಿ ಇದನ್ನೆಲ್ಲ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತ ಬೆನ್ನ ಹಿಂದೆಯೇ ಬಂದ. ಅಮರೇಶ ಒಂದಕ್ಕೂ ಕಿವಿಗೊಡದೆ ನೆಟ್ಟಗೆ ಮಲಗುವ ಕೋಣೆಯ ಕಿಟಕಿಗೆ ಹೋದ. ಪ್ಯಾಂಟಿನ ಜೇಬಿನಿಂದ ಮಡಿಸಿದ ಬಿಳಿ ಕರ್ಚೀಫು ತೆಗೆದ. ಪಟ್ಟನೆ ಒಂದು ಸಲ ಕೊಡವಿದ. ಬೆರಳಿಗೆ ಸುತ್ತಿಕೊಂಡು ಕಿಟಕಿಯ ಕಟ್ಟೆಯ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದ. ಬೆಳಕಿಗೆ ಹಿಡಿದು ನೋಡಿದರೆ, ಇತ್ತು. ನಸುಗಂದು ಬಣ್ಣದ ಒಂದು ಗೆರೆ.

"ಬ್ಯಾಡ," ಅಂದ.

"ಏಮಿ ಸಾರ್ ಇದು!" ಹೊನ್ನೂರಸ್ವಾಮಿ ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. "ನಿನ್ನೆ ಇಬ್ರು ಹೆಣ್ಮಕ್ಕಳನ್ನ ಕರಸಿ ಮೂರು ಸಲ ಒರಸೀನಿ. ಬಳ್ಳಾರ್ಯಾಗ, ಮೇ ತಿಂಗಳದಾಗ, ಧೂಳಿಲ್ಲದ ಮನಿ ಎಲ್ಲಿಂದ ತರ್ಲಿ? ನೀವು ಮನಿ ತಗೋಳಾಕ ಬಂದೀರೋ, ನನ್ನ ಹೊಟ್ಟಿ ಉರಸಾಕ ಬಂದೀರೋ?"

ಅಮರೇಶ ಕರ್ಚೀಫನ್ನು ಮತ್ತೆ ಮಡಿಸಿ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದ. ಅವನಿಗೆ ಲಿಫ್ಟಿಗೆ ಕಾಯುವಷ್ಟೂ ತಾಳ್ಮೆ ಉಳಿದಿರಲಿಲ್ಲ.

ಊರಿನ ಬ್ರೋಕರುಗಳ ಬಾಯಲ್ಲಿ ಅವನಿಗೆ ಆಗಲೇ ಒಂದು ಹೆಸರು ಬಿದ್ದಿತ್ತು, ಕರ್ಚೀಫ್ ಸಾರ್. ಪಾರ್ವತಿನಗರದ ಮನೆಗೆ ಮೂರು ದಿಕ್ಕಿಂದ ಗಾಳಿ, ಅದು ಬೇಡ. ಗಾಂಧಿನಗರದ್ದಕ್ಕೆ ಗಾಳಿಯೇ ಇಲ್ಲ, ಆದರೂ ಕಟ್ಟೆಯ ಮೇಲೆ ಗೆರೆ, ಅದೂ ಬೇಡ. ಒಬ್ಬ ಬಿಲ್ಡರು, ಪಾಪ, ಕಿಟಕಿಗೆಲ್ಲ ಡಬಲ್ ಗಾಜು ಹಾಕಿಸಿ ತಿಂಗಳಿಂದ ಬೀಗ ಜಡಿದಿಟ್ಟಿದ್ದ ಹೊಸ ಮನೆ ತೋರಿಸಿದ. ಅಲ್ಲೂ ಗೆರೆ ಬಂತು. ಬಿಲ್ಡರು ತನ್ನ ಗಾಜಿನ ಮೇಲೇ ಅನುಮಾನಪಟ್ಟು ಅದನ್ನು ಬಡಿದು ಬಡಿದು ನೋಡಿದ. ತನ್ನ ಬೆನ್ನ ಹಿಂದೆ ಜನ ನಗುತ್ತಾರೆಂದು ಅಮರೇಶನಿಗೆ ಗೊತ್ತಿತ್ತು. ನಾಚಿಕೆಯೂ ಆಗುತ್ತಿತ್ತು. ಆದರೆ ಅವನಿಗೆ ನಗುವವರಿಗಿಲ್ಲದ ಒಂದು ಕಾರಣ ಇತ್ತು.

ಕಾರಣ ಅಂದರೆ ಚೈತ್ರಾ, ಒಂಬತ್ತು ವರ್ಷದ ಒಬ್ಬಳೇ ಮಗಳು. ಎರಡು ವರ್ಷದಿಂದ ಅವಳಿಗೆ ಉಬ್ಬಸ. ಸಂಜೆ ಚೆನ್ನಾಗಿಯೇ ಆಡಿಕೊಂಡಿರುವಳು, ಊಟದ ಹೊತ್ತಿಗೆ ಕೆಮ್ಮು ಶುರುವಾಗುವುದು, ಮಲಗುವ ಹೊತ್ತಿಗೆ ಎದೆಯೊಳಗೆ ಸಣ್ಣ ಪೀಪಿ ಊದಿದ ಹಾಗೆ ಸದ್ದು. ಆಗ ತಾಯಿ ಸುನಂದಾ ಅವಳನ್ನು ಎದೆಗಾನಿಸಿ ಕೂತು ಮುಖಕ್ಕೆ ಔಷಧದ ಹೊಗೆ ಹಿಡಿಯುವಳು. ಅಮರೇಶ ಬಾಗಿಲಲ್ಲಿ ನಿಂತಿರುವನು. ಮಗಳ ಪಕ್ಕೆಲುಬು ಒಳಗೆ ಹೋಗಿ ಹೊರಗೆ ಬರುವುದನ್ನು ನೋಡುತ್ತ ನಿಲ್ಲುವುದರಷ್ಟು ಕೆಟ್ಟ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಡಾಕ್ಟರು ವಿಚಾರಿಸಿದ್ದರು. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತೀರಾ? ಇಲ್ಲ. ನಾಯಿ, ಬೆಕ್ಕು? ಇಲ್ಲ. ತಾಯಿ ಏನು ಮಾಡುತ್ತಾರೆ? ಖಾಸಗಿ ಶಾಲೆಯಲ್ಲಿ ಟೀಚರು. ತಂದೆ? "ಸೂಪರ್‌ವೈಸರ್ ಅದೀನ್ರಿ," ಅಂದಿದ್ದ ಅಮರೇಶ, ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾಗಿ. ಆ ಹುದ್ದೆ ಸಿಕ್ಕು ಆಗಿನ್ನೂ ಒಂದು ತಿಂಗಳಾಗಿತ್ತು. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಬಾಡಿಗೆ ಮನೆ ಲಾರಿ ಓಡಾಡುವ ರಸ್ತೆಯ ಪಕ್ಕಕ್ಕೇ ಇದೆಯೆಂದು ಕೇಳಿದಾಗ, ಧೂಳಿನಿಂದ ದೂರ ಇಡಿ, ಸಾಧ್ಯವಾದರೆ ಮನೆ ಬದಲಾಯಿಸಿ ಅಂದರು.

ಅದಕ್ಕೆ ಸಾಕ್ಷಿಯೂ ಸಿಕ್ಕಿತು. ಏಪ್ರಿಲ್ ರಜೆಗೆ ಚೈತ್ರಾ ಕುರುಗೋಡಿಗೆ, ಸುನಂದಳ ತಾಯಿ ಕೊಟ್ರಬಸಮ್ಮನ ಮನೆಗೆ ಹೋದಳು. ಹೋದವಳು ಒಂದು ದಿನವೂ ಕೆಮ್ಮಲಿಲ್ಲ. ಭಾನುವಾರ ಭಾನುವಾರ ಅಮರೇಶ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಗಳನ್ನು ನೋಡಲು ಹೋಗುತ್ತಿದ್ದ. ಅವಳು ಕಟ್ಟೆ ಹಾರಿ ಹಾರಿ ಆಡುವುದನ್ನು ಕಂಡು ಬಸ್ಸಿನಲ್ಲಿ ವಾಪಸು ಬರುವಾಗ ಒಬ್ಬನೇ ಕಣ್ಣೊರೆಸಿಕೊಳ್ಳುತ್ತಿದ್ದ. ಬಳ್ಳಾರಿಯ ಧೂಳೇ ತನ್ನ ಮಗಳನ್ನು ತಿನ್ನುತ್ತಿದೆ ಎಂದು ತೀರ್ಮಾನಿಸಿದ. ಕಿಟಕಿಯ ಮೇಲೆ ಧೂಳು ಕೂರದ ಮನೆ ಸಿಗುವವರೆಗೂ ಮಗಳನ್ನು ವಾಪಸು ಕರೆತರುವುದಿಲ್ಲ ಎಂದುಬಿಟ್ಟ. ಬ್ಯಾಂಕಿನವರು ಸಾಲಕ್ಕೆ ಹೂಂ ಅಂದಿದ್ದರು. ಇನ್ನು ಮನೆಯೊಂದು ಸಿಗಬೇಕಿತ್ತು.

ಕರ್ಚೀಫಿನ ಉಪಾಯ ಅವನ ಕೆಲಸದಿಂದಲೇ ಬಂದದ್ದು. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಅವನಿಗೆ ಹನ್ನೆರಡು ವರ್ಷದ ನೌಕರಿ, ಈಗ ಪಾಲಿಶ್ ವಿಭಾಗದ ಸೂಪರ್‌ವೈಸರ್. ಅಲ್ಲಿ ಮಷಿನ್ನಿನಿಂದ ಇಳಿದ ಅಕ್ಕಿಯನ್ನು ಒಂದು ಹಿಡಿ ತೆಗೆದು ಕರಿ ಬಟ್ಟೆಯ ಮೇಲೆ ಉಜ್ಜಿ ನೋಡುವ ರೂಢಿ. ಬಟ್ಟೆಗೆ ತೌಡು ಹತ್ತಿದರೆ ಅಕ್ಕಿಯನ್ನು ಮತ್ತೆ ಮಷಿನ್ನಿಗೆ ಸುರಿಯಬೇಕು. ಅಕ್ಕಿಗೆ ಕರಿ ಬಟ್ಟೆಯಾದರೆ ಮನೆಗೆ ಬಿಳಿ ಬಟ್ಟೆ ಎಂದುಕೊಂಡ. ಪ್ರತಿದಿನ ಬೆಳಿಗ್ಗೆ ಸುನಂದಾ ಬಿಸಿನೀರಲ್ಲಿ ಒಗೆದು ಒಣಗಿಸಿದ ಕರ್ಚೀಫನ್ನು ಜೇಬಿಗಿಟ್ಟುಕೊಂಡು ಬಸ್ಸು ಹತ್ತುವನು. ಗಿರಣಿಯಲ್ಲಿ ಬೆವರೊರೆಸಲೂ ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಕೈಕಾಲು ಮುಖ ತೊಳೆದು ಮೂರೂವರೆ ಬಸ್ಸು ಹಿಡಿದು, ಬಳ್ಳಾರಿಯಲ್ಲಿ ಇಳಿದವನೇ ಹೊನ್ನೂರಸ್ವಾಮಿಯ ಬೈಕು ಹತ್ತಿ ಮನೆ ನೋಡಲು ಹೋಗುವನು.

ಕುರುಗೋಡಿನಲ್ಲೂ ಒಂದು ಸಲ ಎಡವಟ್ಟಾಯಿತು. ಮೇ ಎರಡನೇ ವಾರದ ಬುಧವಾರ ಗಿರಣಿಯ ಮೋಟರು ಸುಟ್ಟು ಮಧ್ಯಾಹ್ನಕ್ಕೇ ಬಿಟ್ಟರು. ಅಮರೇಶನಿಗೆ ಮಗಳ ಮುಖ ನೋಡುವ ಆಸೆ ತಡೆಯಲಾಗಲಿಲ್ಲ. ಸಿರುಗುಪ್ಪದಿಂದ ಬಸ್ಸು ಬದಲಾಯಿಸುತ್ತ ಸೀದಾ ಕುರುಗೋಡಿಗೆ ಹೋದ. ಚೈತ್ರಾ ಓಡಿಬಂದು ಕೊರಳಿಗೆ ಜೋತುಬಿದ್ದಳು. ಮುಖವನ್ನು ಅವನ ಕುತ್ತಿಗೆಗೆ ಒತ್ತಿ, ದಿನವೂ ಬಳ್ಳಾರಿಯ ಮನೆಬಾಗಿಲಲ್ಲಿ ಮಾಡುತ್ತಿದ್ದಂತೆ, ಉಸಿರೆಳೆದಳು.

"ಅಪ್ಪಾ, ನೀ ಅನ್ನದ ವಾಸನಿ ಬರ್ತಿ ನೋಡು. ಭಾನುವಾರ ಬಂದಾಗ ಬರಂಗಿಲ್ಲ."

ಅರ್ಧ ತಾಸು ಮಡಿಲಿಂದ ಇಳಿಯಲಿಲ್ಲ. ಸಂಜೆಗೆ ಕೆಮ್ಮು ಶುರುವಾಯಿತು.

ಅಮರೇಶ ಸುತ್ತ ನೋಡಿದ. ಹಿತ್ತಲಲ್ಲಿ ಕೊಟ್ರಬಸಮ್ಮ ಒಣಮೆಣಸಿನಕಾಯಿ ಕುಟ್ಟುತ್ತಿದ್ದಳು. ಸಿಕ್ಕಿತಲ್ಲ ಕಾರಣ! "ಅತ್ತಿ, ನಿಮಗೇನಾರ ಬುದ್ಧಿ ಐತೇನ್ರಿ? ಉಬ್ಬಸದ ಕೂಸಿನ್ನ ಇಟ್ಕಂಡು ಖಾರ ಕುಟ್ಟೋದಾ?" ಎಂದು ಓಣಿಗೆ ಕೇಳುವ ಹಾಗೆ ಕೂಗಾಡಿದ.

ಆ ಹೆಂಗಸು ಒನಕೆ ಗೋಡೆಗಾನಿಸಿ ಎದ್ದುನಿಂತಳು. "ತಿಂಗಳಿಂದ ಕುಟ್ಟಾಕ ಹತ್ತೀನಪ್ಪ," ಅಂದಳು ಮೆಲ್ಲಗೆ. "ಇವತ್ತೇ ಕೆಮ್ಮ್ಯಾಳ ನೋಡು."

ಅಳಿಯನಿಗೆ ಆ ಮಾತು ಎದುರುತ್ತರದ ಹಾಗೆ ಕೇಳಿಸಿತು. ಮುಖ ಗಂಟು ಹಾಕಿಕೊಂಡು ಬಸ್ಸಿಗೆ ಹೋದ. ಮಾರನೆಯ ದಿನದಿಂದ ಕೊಟ್ರಬಸಮ್ಮ ಖಾರ ಕುಟ್ಟುವುದನ್ನು ಬಿಟ್ಟಳು. ಚೈತ್ರಾ ಕೆಮ್ಮುವುದನ್ನೂ ಬಿಟ್ಟಳು. ಅಮರೇಶ ತನ್ನ ಮಾತೇ ನಿಜವಾಯಿತೆಂದು ಸುನಂದಳ ಮುಂದೆ ಬೀಗಿದ.

ಹದಿನೆಂಟನೆಯ ಮನೆ ಬೇಡವೆಂದು ಬಂದ ಸಂಜೆ ಸುನಂದಾ ಜಗಳವಾಡಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. ಮೊದಲ ಹತ್ತು ಮನೆಗಳಿಗೆ ಅವಳೂ ಜೊತೆಗೆ ಬಂದಿದ್ದಳು. ಅವನು ಕಿಟಕಿಗೆ ಹೋದರೆ ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುವಿ ನೋಡುವಳು, ಅಷ್ಟರಲ್ಲಿ ಒಳಗಿಂದ "ಬ್ಯಾಡ" ಕೇಳಿಸುವುದು. ಆಮೇಲೆ ಅವಳು ಬರುವುದನ್ನೇ ಬಿಟ್ಟಿದ್ದಳು.

"ಸೋಮವಾರ ಸಾಲಿ ಚಾಲೂ ಆಗ್ತಾವು," ಅಂದಳು ತಟ್ಟೆ ಇಡುತ್ತ. "ಅವ್ವ ಕುರುಗೋಡು ಸಾಲಿಯಿಂದ ಫಾರಂ ತಂದಾಳ. ಚೈತ್ರಿನ್ನ ಅಲ್ಲೇ ಹಾಕೋಣಂತ."

"ಮತ್ತ ನಾವು?"

"ನಾವಲ್ಲ. ನಾನು ಅಲ್ಲೇ ಹೋಗ್ತೀನಿ. ಇಲ್ಲಿ ನೌಕರಿ ಬಿಡ್ತೀನಿ. ಎರಡು ತಿಂಗಳಾತು, ರೀ, ಮಗಳ ತಲಿ ಬಾಚಿ. ನೀವು ನಿಮ್ಮ ಕರ್ಚೀಫು ಇಬ್ರೂ ಬಳ್ಳಾರ್ಯಾಗ ಮನಿ ಹುಡುಕ್ಕೋತ ಆರಾಮ ಇರ್ರಿ."

ಅಮರೇಶ ತಟ್ಟೆ ಬಿಟ್ಟು ಎದ್ದು ಕಿಟಕಿ ಮುಚ್ಚಿದ. ಸೆಕೆಯಾಯಿತು, ತೆರೆದ. ಲಾರಿ ಹೋಯಿತು, ಮತ್ತೆ ಮುಚ್ಚಿದ. "ಕುಂದರ್ರಿ ಒಂದು ಕಡಿ," ಎಂದು ಸುನಂದಾ ಗದರಿದಳು. ಅವನು ಕೂತ, ಆದರೆ ಕಾಲು ಕುಣಿಯುತ್ತಲೇ ಇತ್ತು.

ಶನಿವಾರ ಬೆಳಿಗ್ಗೆ ಅವನು ಗಿರಣಿಗೆ ಹೋದ ಮೇಲೆ ಸುನಂದಾ ತಾನೇ ಹೊನ್ನೂರಸ್ವಾಮಿಗೆ ಫೋನು ಮಾಡಿದಳು. ಅವನು ಹವಂಬಾವಿ ಕಡೆಯ ಹಳೆಯ ಬಿಲ್ಡಿಂಗೊಂದಕ್ಕೆ ಕರೆದೊಯ್ದ. ಮೂರೇ ಮಹಡಿ, ಒಂಬತ್ತು ಮನೆ, ಲಿಫ್ಟಿಲ್ಲ. ಅಂಗಳದಲ್ಲಿ ಒಂದು ಬೇವಿನ ಮರ. ಎರಡನೆಯ ಮಹಡಿಯ ಮನೆ ಉಜ್ಜಿನಪ್ಪ ಎಂಬ ನಿವೃತ್ತ ಮೇಷ್ಟ್ರದ್ದು. ಅವರೇ ಬೀಗ ತೆಗೆದು, ನೋಡವ್ವ ಎಂದು ಹೇಳಿ ಕೆಳಗೆ ಹೋದರು. ಸುನಂದಾ ಗಂಡನ ಪರೀಕ್ಷೆಗೆಂದೇ ಚೈತ್ರಾಳ ಹಳೆಯ ಯೂನಿಫಾರ್ಮಿನ ಬಿಳಿ ತುಂಡೊಂದನ್ನು ಚೀಲದಲ್ಲಿ ತಂದಿದ್ದಳು. ಕಿಟಕಿಯ ಕಟ್ಟೆಗೆ ಕರಿ ಗ್ರಾನೈಟು. ಮೊದಲು ನೀರು ಹಾಕಿ ತೊಳೆದಳು. ಒಣಗುವವರೆಗೆ ಕಾದು, ಕಿಟಕಿ ಪೂರ್ತಿ ತೆರೆದಿಟ್ಟು ನಾಲ್ಕು ತಾಸು ಬಿಟ್ಟಳು. ಶಾಲೆಗೆ ರಜೆಯಿದ್ದುದರಿಂದ ಅಲ್ಲೇ ಖಾಲಿ ನೆಲದ ಮೇಲೆ ಪೇಪರು ಹಾಸಿಕೊಂಡು ಕೂತಳು. ಆಮೇಲೆ ಒರೆಸಿ ನೋಡಿದರೆ ಬಟ್ಟೆ ಹೆಚ್ಚುಕಡಿಮೆ ಬೆಳ್ಳಗೇ ಇತ್ತು.

ಸಂಜೆ ಐದೂವರೆಗೆ ಅಮರೇಶ ಬಸ್ಸಿಳಿದು ನೇರ ಅಲ್ಲಿಗೇ ಬಂದ. ಪಶ್ಚಿಮದ ಬಿಸಿಲು ಆ ಕಿಟಕಿಯಿಂದಲೇ ಕೋಣೆಯೊಳಗೆ ಬೀಳುತ್ತಿತ್ತು. "ಪಡುವಣದ ಕಿಟಕಿ ಬ್ಯಾರೆ," ಎಂದು ಒಳಗೆ ಬರುವಾಗಲೇ ಗೊಣಗಿದ. "ಲಿಫ್ಟ್ ಇಲ್ಲ. ಹಳೇದು."

"ಮೊದ್ಲು ನಿಮ್ಮ ಪೂಜಿ ಮಾಡ್ರಿ," ಅಂದಳು ಸುನಂದಾ. ಈ ಸಲ ಅವಳು ಅಡುಗೆಮನೆಗೆ ಹೋಗಲಿಲ್ಲ. ಕಿಟಕಿಯ ಪಕ್ಕದಲ್ಲೇ, ಗೋಡೆಗೆ ಒರಗಿ ನಿಂತಳು.

ಅಮರೇಶ ಜೇಬಿನಿಂದ ಕರ್ಚೀಫು ತೆಗೆದ. ಪಟ್ಟನೆ ಕೊಡವಿದ.

ಬಿಸಿಲ ಕೋಲಿನಲ್ಲಿ ಸಣ್ಣ ಸಣ್ಣ ಕಣಗಳು ಭುಸ್ಸೆಂದು ಎದ್ದವು. ತಿರುಗುತ್ತ ತಿರುಗುತ್ತ ಇಳಿದು, ತೊಳೆದು ಕರ್ರಗಿದ್ದ ಕಲ್ಲಿನ ಮೇಲೆ ಕೂತವು. ಅಮರೇಶ ಕಲ್ಲನ್ನು ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು, "ಬ್ಯಾಡ" ಅನ್ನಲು ಬಾಯಿ ತೆರೆದ.

"ನಿಲ್ರಿ," ಅಂದಳು ಸುನಂದಾ. ಅವಳ ದನಿ ಹೇಗೋ ಆಗಿತ್ತು. "ಇನ್ನೊಂದು ಸಲ ಕೊಡವ್ರಿ."

"ಯಾಕ?"

"ಕೊಡವ್ರಿ ಅಂದೆ."

ಕೊಡವಿದ. ಮತ್ತೆ ಕಣಗಳೆದ್ದವು. ಸುನಂದಾ ಅವನ ಅಂಗಿಯ ತೋಳನ್ನು ಬೆರಳಿಂದ ಒಂದು ಸಲ ತಟ್ಟಿದಳು. ಅಲ್ಲಿಂದಲೂ ಎದ್ದವು. ಬಾಗಿಲ ಬಳಿ ನಿಂತಿದ್ದ ಹೊನ್ನೂರಸ್ವಾಮಿ ಏನೋ ತಮಾಷೆ ಮಾಡಲು ಹೋಗಿ, ಗಂಡಹೆಂಡಿರ ಮುಖ ನೋಡಿ ಹೊಸ್ತಿಲಾಚೆ ಸರಿದ.

"ಬೆರಳಿಲೆ ಮುಟ್ಟಿ ನೋಡ್ರಿ," ಅಂದಳು ಸುನಂದಾ. "ಕಲ್ಲಿನ ಮ್ಯಾಲಿಂದು."

ಹತ್ತೊಂಬತ್ತು ಮನೆ ನೋಡಿದ ಅಮರೇಶ ಒಂದು ಕಡೆಯೂ ಧೂಳನ್ನು ಬರಿಬೆರಳಿಂದ ಮುಟ್ಟಿರಲಿಲ್ಲ. ಈಗ ಮುಟ್ಟಿದ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ತಿಕ್ಕಿದ. ರಸ್ತೆಯ ಧೂಳು ಚರಚರ ಅನ್ನುತ್ತದೆ. ಇದು ಅನ್ನಲಿಲ್ಲ. ನುಣ್ಣಗಿತ್ತು, ಕೊಂಚ ಎಣ್ಣೆಯ ಜಿಡ್ಡಿತ್ತು. ಇನ್ನೇನು ಕೇಳುವುದಿತ್ತು? ಹನ್ನೆರಡು ವರ್ಷ ಇದೇ ಎರಡು ಬೆರಳಿನಲ್ಲಿ ದಿನಕ್ಕೆ ನೂರು ಸಲ ತಿಕ್ಕಿ ನೋಡಿದ್ದ. ಕಣ್ಣು ಮುಚ್ಚಿಕೊಂಡೂ ಹೇಳಬಲ್ಲವನಾಗಿದ್ದ.

"ತೌಡು," ಅಂದ.

ಪಾರ್ವತಿನಗರ, ಗಾಂಧಿನಗರ, ಡಬಲ್ ಗಾಜಿನ ಮನೆ, ಎಲ್ಲವೂ ಒಂದೊಂದಾಗಿ ಅವನ ತಲೆಯಲ್ಲಿ ಹಾದುಹೋದವು. ಮನೆಮನೆಗೂ ಧೂಳನ್ನು ತಾನೇ ಜೇಬಿನಲ್ಲಿ ಹೊತ್ತುಕೊಂಡು ಹೋಗಿ, ಕೊಡವಿ, ಒರೆಸಿ, ಮನೆಯವರಿಗೆ ಬೈದು ಬಂದಿದ್ದ. ಅದಾದರೂ ನಗುವಂಥ ಮಾತು, ನಕ್ಕು ಮುಗಿಸಬಹುದಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ನೆನಪಾಯಿತು. ಬಳ್ಳಾರಿಯ ಮನೆಬಾಗಿಲು. ಎರಡು ವರ್ಷ, ದಿನವೂ ಸಂಜೆ, ಓಡಿಬಂದು ಕೊರಳಿಗೆ ಬೀಳುವ ಮಗಳು. ಬಚ್ಚಲಿಗೆ ಹೋಗುವ ಮೊದಲು ಚಹಾ ಕುಡಿಯುವಷ್ಟು ಹೊತ್ತೂ ಅವಳು ಮಡಿಲಲ್ಲೇ. ಕುತ್ತಿಗೆಗೆ ಮೂಗು ಒತ್ತಿ, ಅನ್ನದ ವಾಸನಿ ಬರ್ತಿ ಅಪ್ಪಾ ಎಂದು ಅವಳು ಎದೆತುಂಬ ಎಳೆದುಕೊಳ್ಳುತ್ತಿದ್ದ ಉಸಿರು. ಭಾನುವಾರಗಳ ಬಿಳಿ ಅಂಗಿ. ಆ ಬುಧವಾರ. ಗೋಡೆಗೆ ಒನಕೆ ಆನಿಸಿ ನಿಂತಿದ್ದ ಅತ್ತೆ.

ಅಮರೇಶ ಗ್ರಾನೈಟು ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿದ.

"ಡಾಕ್ಟ್ರಿಗೆ ನಾ ಸೂಪರ್‌ವೈಸರ್ ಅಂದ್ನಲ್ಲ, ಸುನಂದಾ," ಅಂದ. "ಗಿರಣ್ಯಾಗ ಅಂತ ಹೇಳ್ಲೇ ಇಲ್ಲ."

"ನಾನೂ ಹೇಳಲಿಲ್ಲ," ಅಂದಳು ಅವಳು. "ದಿನಾ ನಾನಽ ಒಗದೀನಿ ಆ ಬಟ್ಟಿ. ನನಗೂ ಹೊಳೀಲಿಲ್ಲ."

ಸೋಮವಾರ ಬೆಳಿಗ್ಗೆ ಅವನು ಗಿರಣಿಗೆ, ಅವಳು ಶಾಲೆಗೆ ರಜೆ ಹಾಕಿ ಇಬ್ಬರೂ ಡಾಕ್ಟರ ಬಳಿ ಹೋದರು. ಅಮರೇಶ ಈ ಸಲ ಕುರ್ಚಿಯ ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿದ. ಡಾಕ್ಟರು ಹಳೆಯ ಕಾಗದ ತೆಗೆದು ನೋಡಿ, "ಇರಬಹುದು" ಅಂದರು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಆ ರಸ್ತೆಯ ಮನೆಯೂ ಒಳ್ಳೆಯದಲ್ಲ, ಅದನ್ನು ಬಿಡಿ, ಔಷಧ ನಿಲ್ಲಿಸಬೇಡಿ, ಗಿರಣಿಯಿಂದ ಬಂದವರು ಮಗುವನ್ನು ಮುಟ್ಟುವ ಮೊದಲು ಸ್ನಾನ ಮಾಡಿ, ಆ ಬಟ್ಟೆ ಮನೆಯೊಳಗೆ ಬರಬಾರದು ಎಂದರು. ಇರಬಹುದು ಎಂಬ ಆ ಒಂದು ಮಾತು ಅಮರೇಶನನ್ನು ಮನೆಯವರೆಗೂ ಕೊರೆಯಿತು. ಅವನಿಗೆ ಶಿಕ್ಷೆಯಾದರೂ ಪೂರ್ತಿ ಬೇಕಿತ್ತು, ಇಲ್ಲ ಬಿಡುಗಡೆ ಬೇಕಿತ್ತು. ಎರಡೂ ಸಿಗಲಿಲ್ಲ.

ಅದೇ ಸಂಜೆ ಹವಂಬಾವಿಯ ಬಿಲ್ಡಿಂಗಿಗೆ ಮತ್ತೆ ಹೋದ. ಹೊನ್ನೂರಸ್ವಾಮಿ ಬಾಗಿಲು ತೆಗೆಸಲು ಮೇಲೆ ಹತ್ತತೊಡಗಿದರೆ, ಅಮರೇಶ ಕೆಳಗೇ ಕಟ್ಟಡದ ಸುತ್ತ ತಿರುಗುತ್ತಿದ್ದ.

"ಸಾರ್, ಮನಿ ಮ್ಯಾಲ ಐತಿ!"

"ಮನಿ ನೋಡೀನಿ. ಇಲ್ಲಿ ಕೆಳಗ ಬಚ್ಚಲ ಐತೇನು?"

ಹೊನ್ನೂರಸ್ವಾಮಿ ತನ್ನ ಇಪ್ಪತ್ತು ವರ್ಷದ ದಂಧೆಯಲ್ಲಿ ಇಂಥ ಪ್ರಶ್ನೆ ಕೇಳಿರಲಿಲ್ಲ. ವಾಚ್‌ಮನ್ನನ ಹೆಂಡತಿ ಹನುಮಮ್ಮ ಕೈ ತೋರಿಸಿದಳು. ಮೋಟರು ಇಟ್ಟ ಕೋಣೆಯ ಹಿಂದೆ ತಗಡಿನ ಬಾಗಿಲಿನ ಒಂದು ಸಣ್ಣ ಬಚ್ಚಲು, ಒಳಗೆ ಒಂದು ನಲ್ಲಿ, ಬಟ್ಟೆ ಒಗೆಯುವ ಒಂದು ಕಲ್ಲು. ಕಾರು ತೊಳೆಯುವವರು ಯಾವಾಗಲೋ ಬಳಸುತ್ತಿದ್ದರಂತೆ. ಅಮರೇಶ ನಲ್ಲಿ ತಿರುವಿದ. ಮೊದಲು ತುಕ್ಕಿನ ನೀರು, ಆಮೇಲೆ ತಿಳಿನೀರು ಬಂತು.

"ಇದು ನನಗ ದಿನಾ ಸಂಜಿಮುಂದ ಬೇಕು," ಅಂದ. "ಮೇಷ್ಟ್ರು ಉಳಿದ ಎಂಟು ಮನಿಯವ್ರಿಂದ ಒಂದು ಮಾತು ಕೊಡಸಿದ್ರ ಈ ಮನಿ ನಾನು ತಗೋತೀನಿ."

"ಮತ್ತ ಪಡುವಣದ ಕಿಡಕಿ? ಲಿಫ್ಟು?"

"ಇರ್ಲಿ ಬಿಡಪ್ಪ."

ಉಜ್ಜಿನಪ್ಪ ಮೇಷ್ಟ್ರು ಕಾರಣ ಕೇಳಿದವರೇ ಮರುಮಾತಾಡದೆ ಮನೆಮನೆಗೆ ಹೋಗಿ ಹೂಂ ಅನಿಸಿಕೊಂಡು ಬಂದರು. ರಿಜಿಸ್ಟ್ರೇಷನ್ ಆಗುವ ತನಕ ಬಾಡಿಗೆಗೆ ಇರ್ರಿ ಎಂದು ಮುಂಗಡದ ದಿನವೇ ಕೀಲಿಕೈ ಕೊಟ್ಟರು. ಗಂಡಹೆಂಡಿರು ಒಂದೇ ಟ್ರಿಪ್ಪಿನಲ್ಲಿ ಸಾಮಾನು ಸಾಗಿಸಿದರು. ಅಮರೇಶ ಹಳೆಯ ಹಾಸಿಗೆಯೊಂದನ್ನು ಆ ಬಾಡಿಗೆ ಮನೆಯಲ್ಲೇ ಬಿಟ್ಟ, ಚಹಾ ಕುಡಿಯಲು ಕೂರುತ್ತಿದ್ದ ಕುರ್ಚಿಯನ್ನೂ ಬಿಟ್ಟ.

ಮಗಳನ್ನು ಕರೆತರಲು ಕುರುಗೋಡಿಗೆ ಹೋದಾಗ ಅತ್ತೆಯ ಕಾಲು ಮುಟ್ಟಿದ. "ಖಾರ ಕುಟ್ರಿ ಅತ್ತಿ," ಅಂದ. "ತಪ್ಪು ನಿಮ್ಮದಲ್ಲ." ಕೊಟ್ರಬಸಮ್ಮನಿಗೆ ಏನೂ ಅರ್ಥವಾಗಲಿಲ್ಲ. ಸುನಂದಾ ಬಿಡಿಸಿ ಹೇಳಿದ ಮೇಲೆ ಆಕೆ ಅಳಿಯನ ಮುಖವನ್ನು ಬಹಳ ಹೊತ್ತು ನೋಡಿ, ಒಳಗೆ ಹೋಗಿ ಒಂದು ಡಬ್ಬಿ ಖಾರದಪುಡಿ ತಂದು ಅವನ ಕೈಗಿಟ್ಟಳು.

ಹೊಸ ಮನೆಯಿಂದ ಕೆಲಸಕ್ಕೆ ಹೋದ ಮೊದಲ ದಿನ ಅಮರೇಶ ಗಿರಣಿಯಲ್ಲಿ ಒಂದು ಕಡೆ ನಿಲ್ಲಲಿಲ್ಲ. ಪಾಲಿಶ್ ಮಷಿನ್ನಿನಿಂದ ಹಾರುವ ತೌಡನ್ನು ಹೊಸದಾಗಿ ಕಂಡವನಂತೆ ನೋಡಿದ. ಹನ್ನೆರಡು ವರ್ಷ ಅನ್ನ ಹಾಕಿದ್ದು ಅದೇ. ಬಸ್ಸಿನಲ್ಲಿ ಪಕ್ಕದಲ್ಲಿ ಮಗುವೊಂದನ್ನು ಎತ್ತಿಕೊಂಡ ಹೆಂಗಸು ಕೂತಾಗ ಎದ್ದು ಹಿಂದಿನ ಸೀಟಿಗೆ ಹೋದ. ಬಿಲ್ಡಿಂಗಿಗೆ ಬಂದು ನೇರ ತಗಡಿನ ಬಾಗಿಲು ತೆಗೆದ. ಬಟ್ಟೆ ಬಿಚ್ಚಿ ಮುಚ್ಚಳದ ಬಕೀಟಿಗೆ ಹಾಕಿದ. ಮೂರು ಸಲ ಸೋಪು ಹಚ್ಚಿದ. ಕಿವಿಯ ಹಿಂದೆ, ಹುಬ್ಬಿನಲ್ಲಿ, ಉಗುರಿನ ಸಂದಿಯಲ್ಲಿ, ಕುತ್ತಿಗೆಯನ್ನಂತೂ ಕೆಂಪಗಾಗುವವರೆಗೆ ಉಜ್ಜಿದ. ಸುನಂದಾ ಇಟ್ಟಿದ್ದ ಬೇರೆ ಬಟ್ಟೆ ತೊಟ್ಟು ಮೆಟ್ಟಿಲು ಹತ್ತಿದ.

ಚೈತ್ರಾ ಗ್ರಿಲ್ಲಿನ ಹಿಂದೆ ಆಗಲೇ ನಿಂತಿದ್ದಳು. ಬಾಗಿಲು ತೆರೆದದ್ದೇ ಕೊರಳಿಗೆ ಜೋತುಬಿದ್ದಳು. ಅಮರೇಶ ಅವಳನ್ನು ಎತ್ತಿಕೊಳ್ಳಲೋ ಬೇಡವೋ ಎಂದು ಅರೆಕ್ಷಣ ಕೈ ಹಿಂದೆಗೆದು, ಆಮೇಲೆ ಎತ್ತಿಕೊಂಡ. ಅವಳು ಎಂದಿನ ಹಾಗೆ ಕುತ್ತಿಗೆಗೆ ಮೂಗು ಒತ್ತಿದಳು. ಉಸಿರೆಳೆದಳು. ತಲೆ ಹಿಂದಕ್ಕೆ ತೆಗೆದು ಅಪ್ಪನ ಮುಖ ನೋಡಿದಳು, ಇನ್ನೊಂದು ಕಡೆಗೆ ಮೂಗಿಟ್ಟು ಮತ್ತೆ ಎಳೆದಳು.

"ಅಪ್ಪಾ, ನಿನ್ನ ವಾಸನಿ ಎಲ್ಲಿ ಹೋತು?"

"ಕೆಳಗ ಬಿಟ್ಟು ಬಂದೀನವ್ವ."

"ಬರೇ ಸೋಪಿನ ವಾಸನಿ. ಎಲ್ಲಾರ ಹಂಗ." ಅವಳ ತುಟಿ ಮುಂದಕ್ಕೆ ಬಂತು. "ನಾಳಿ ಮ್ಯಾಲ ತಗಂಡು ಬಾ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುನಂದಾ ಮುಖ ಆಚೆ ತಿರುಗಿಸಿದಳು. ಅಮರೇಶ ಮಗಳನ್ನು ಎತ್ತಿಕೊಂಡೇ ಕಿಟಕಿಯ ಕಟ್ಟೆಯ ಮೇಲೆ ಕೂತು, ಒಳಗೆ ಪೀಪಿಯ ಸದ್ದಿದೆಯೇ ಎಂದು ಅವಳ ಬೆನ್ನಿಗೆ ಕಿವಿ ಹಚ್ಚಿದ.